ಗ್ರಂಥಾಲಯದ ಕೆಲಸಕ್ಕೆ ಬಡ್ತಿ ಎಲ್ಲಿದೆ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ತಾಸಿನೊಳಗೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು, 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಗ್ರಂಥಾಲಯ ವೃತ್ತಿಯ ಎರಡು ತುದಿಗಳೂ ಈ ಒಂದೇ ದಾರಿಯ ಮೇಲಿವೆ. ನಗರದ ತುದಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗವಿದ್ದು, ಸ್ನಾತಕೋತ್ತರ ಪದವಿ, ಪಿಎಚ್.ಡಿ. ಪಡೆದವರು ಅಲ್ಲಿಂದ ಪ್ರತಿವರ್ಷ ಹೊರಬರುತ್ತಾರೆ. ಕಮಲಾಪುರದ ತುದಿಯಲ್ಲಿರುವುದು ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು, ಅಂದರೆ ಹಳ್ಳಿಯ ಗ್ರಂಥಾಲಯಗಳು. ಅಲ್ಲಿ ಪಿಯುಸಿ ಮುಗಿಸಿ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡಿದ ಮೇಲ್ವಿಚಾರಕರು ಬೀಗ ತೆಗೆಯುವುದರಿಂದ ಹಿಡಿದು ಮಕ್ಕಳಿಗೆ ಕಥೆ ಓದಿ ಹೇಳುವವರೆಗೆ ಎಲ್ಲವನ್ನೂ ಒಬ್ಬರೇ ಮಾಡುತ್ತಾರೆ. ಪದವಿ ಪಡೆದವರಿಗೆ ಹುದ್ದೆ ಸಿಗುತ್ತಿಲ್ಲ, ಕೆಲಸದಲ್ಲಿದ್ದವರಿಗೆ ಮೇಲೇರುವ ದಾರಿಯಿಲ್ಲ. ಈ ಎರಡು ಕೊರತೆಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟು ನೋಡುವುದರಿಂದಲೇ ಎರಡೂ ಬಗೆಹರಿಯುತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದುಳಿದ ಪ್ರದೇಶವೆಂಬ ಹಣೆಪಟ್ಟಿ ಹೊತ್ತ ಈ ಸೀಮೆ ಗ್ರಂಥಾಲಯದ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1955ರಲ್ಲಿ, ಆ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿಕೊಂಡಿತ್ತು. ಹಳೆಯ ಮೈಸೂರು ಸೀಮೆಗೆ ಅಂಥ ಕಾಯ್ದೆ ದೊರೆತದ್ದು ಹತ್ತು ವರ್ಷ ತಡವಾಗಿ, ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯವಾಗುವಂತೆ 1965ರಲ್ಲಿ ಬಂದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಮೂಲಕ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. 1962ರಲ್ಲಿ ಅವರು ಅಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ದೇಶದ ಮೊದಲ ಸಾಲಿನ ಸಂಸ್ಥೆ. 1965ರ ಕಾಯ್ದೆ ಮೂರು ಗಟ್ಟಿ ಕೆಲಸ ಮಾಡಿತು. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲು ಮಾಡಬೇಕೆಂದಿತು. ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿಗೆ ಭೂಕಂದಾಯದ ಶೇ 3ರಷ್ಟನ್ನು ಸರ್ಕಾರ ಕೊಡಬೇಕೆಂದಿತು. ಗ್ರಂಥಾಲಯದ ನೌಕರರನ್ನು ರಾಜ್ಯ ಗ್ರಂಥಾಲಯ ಸೇವೆಯೆಂಬ ಸರ್ಕಾರಿ ಸೇವೆಗೆ ತಂದಿತು. ದೇಶದ ಹಲವು ರಾಜ್ಯಗಳಲ್ಲಿ ಕಾಯ್ದೆಯೇ ಇಲ್ಲದ ಕಾಲದಲ್ಲಿ ಇಲ್ಲಿನ ಗ್ರಂಥಪಾಲಕರಿಗೆ ವೇತನ ಶ್ರೇಣಿ, ಬಡ್ತಿ, ಪಿಂಚಣಿ ಎಲ್ಲವೂ ದೊರೆತವು.

ಆದರೆ ಆ ಸೇವೆಯ ಬಾಗಿಲು ಹಳ್ಳಿಯವರೆಗೆ ತೆರೆಯಲಿಲ್ಲ. ನಗರ ಕೇಂದ್ರ ಗ್ರಂಥಾಲಯ, ಜಿಲ್ಲಾ ಕೇಂದ್ರ ಗ್ರಂಥಾಲಯ, ಅವುಗಳ ಶಾಖೆಗಳಲ್ಲಿ ಇರುವವರು ಸರ್ಕಾರಿ ನೌಕರರು, ಪಂಚಾಯಿತಿ ಮಟ್ಟದಲ್ಲಿ ದುಡಿಯುವವರು ಗೌರವಧನದ ಮೇಲ್ವಿಚಾರಕರು. ರಾಜ್ಯದ ಐದು ಸಾವಿರಕ್ಕೂ ಮಿಕ್ಕಿದ ಈ ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ವರ್ಗಾವಣೆಯಿಂದ ಒಳ್ಳೆಯದಾದದ್ದೂ ಉಂಟು, ಅದನ್ನು ಮುಚ್ಚಿಡಬಾರದು. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಶಾಲೆಗಳು ಕೋವಿಡ್‌ನಿಂದ ಬಾಗಿಲು ಹಾಕಿದ್ದ ದಿನಗಳವು, ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಕೈಗೆ ಪುಸ್ತಕ ಬಂದದ್ದು ಇಲ್ಲಿಂದ. ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಚೆಸ್ ಮಣೆ ಬಂತು, ಅರಿವು ಕೇಂದ್ರವೆಂಬ ಹೊಸ ಹೆಸರೂ ಬಂತು.

ಇಷ್ಟೆಲ್ಲ ಬಂದಾಗ ಕೆಲಸವೂ ಬೆಳೆಯಿತು. ಮೊದಲು ದಿನಕ್ಕೆ ಕೆಲವೇ ತಾಸು ತೆರೆದಿರುತ್ತಿದ್ದ ವಾಚನಾಲಯದಲ್ಲಿ ದಿನಪತ್ರಿಕೆ ಹರಡುವುದು, ಪುಸ್ತಕ ಕೊಟ್ಟು ವಹಿಯಲ್ಲಿ ಬರೆದುಕೊಳ್ಳುವುದೇ ಮುಖ್ಯ ಕೆಲಸವಾಗಿತ್ತು. ಇಂದು ಅದೇ ವ್ಯಕ್ತಿ ಮಕ್ಕಳ ನೋಂದಣಿ ನೋಡಬೇಕು, ಓದುವ ಚಟುವಟಿಕೆ ನಡೆಸಬೇಕು, ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸಬೇಕು, ಸರ್ಕಾರಿ ಯೋಜನೆಗಳ ಮಾಹಿತಿ ಕೊಡಬೇಕು, ಸ್ಪರ್ಧಾತ್ಮಕ ಪರೀಕ್ಷೆ ಓದುವ ಯುವಕರಿಗೆ ಅರ್ಜಿ ತುಂಬಲು ನೆರವಾಗಬೇಕು, ಕಂಪ್ಯೂಟರ್ ಕೆಟ್ಟರೆ ರಿಪೇರಿಯವನ ಹಿಂದೆ ಬೀಳಬೇಕು. ಕೂಲಿ ಮಾತ್ರ ಈ ವೇಗದಲ್ಲಿ ಬೆಳೆಯಲಿಲ್ಲ. ಕೆಲವು ವರ್ಷ ತಿಂಗಳಿಗೆ 12,000 ರೂಪಾಯಿ ಗೌರವಧನವಿತ್ತು. ಹೋರಾಟದ ನಂತರ ಕನಿಷ್ಠ ವೇತನದ ಆದೇಶ ಬಂದರೂ ಕೈಗೆ ಹಣ ಸೇರುವುದು ತಡವಾಗುತ್ತದೆಂಬ ದೂರು ನಿಂತಿಲ್ಲ. 2025ರಲ್ಲಿ ಕಲಬುರಗಿ ಜಿಲ್ಲೆಯಲ್ಲೇ ಅರಿವು ಕೇಂದ್ರದ ಮೇಲ್ವಿಚಾರಕಿಯೊಬ್ಬರು ಸಂಬಳ ಬಾಕಿಯ ಸಂಕಟದ ನಡುವೆ ಪ್ರಾಣ ಕಳೆದುಕೊಂಡ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಬಂತು. ಗ್ರಂಥಾಲಯ ಕ್ಷೇತ್ರ ಸುದ್ದಿಯಾದದ್ದು ಹೀಗೆ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಉದ್ಯೋಗಾವಕಾಶ, ಕೌಶಲ, ತರಬೇತಿ ಎಂದು ಏನೇ ಮಾತಾಡಿದರೂ ದುಡಿದ ತಿಂಗಳ ಸಂಬಳ ಆ ತಿಂಗಳೇ ಸಿಗಬೇಕೆಂಬುದು ಮೊದಲ ಮಾತಾಗಬೇಕು.

ಈಗ ನಗರದ ಕಡೆ ಬರೋಣ. ನಕಾಶೆ ನೋಡಿದರೆ ಗ್ರಂಥಾಲಯ ಕೆಲಸಕ್ಕೆ ಕಲಬುರಗಿಯಷ್ಟು ಅವಕಾಶವಿರುವ ಊರು ಉತ್ತರ ಕರ್ನಾಟಕದಲ್ಲಿ ಹೆಚ್ಚಿಲ್ಲ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಈಚೆಗೆ ಬಂದ ಶರಣಬಸವ ಮತ್ತು ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯಗಳು, 1958ರಿಂದ ನಡೆದುಬಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ, ಖಾಸಗಿ ಮತ್ತು ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳು, ಬಿ.ಎಡ್., ಕಾನೂನು, ನರ್ಸಿಂಗ್ ಕಾಲೇಜುಗಳ ಸಾಲು. ಇವೆಲ್ಲಕ್ಕೂ ಗ್ರಂಥಾಲಯ ಬೇಕು. ಬೇಕೆಂದು ಆಯಾ ನಿಯಂತ್ರಣ ಮಂಡಳಿಗಳು ಬರೆದೇ ಇಟ್ಟಿವೆ. ನ್ಯಾಕ್ ಮೌಲ್ಯಮಾಪನದಲ್ಲಿ ಗ್ರಂಥಾಲಯಕ್ಕೆ ಪ್ರತ್ಯೇಕ ಅಂಕಗಳಿವೆ, ಅದು ಕಂಪ್ಯೂಟರೀಕರಣಗೊಂಡಿದೆಯೇ ಎಂದು ಕೇಳುತ್ತಾರೆ.

ವೇತನದ ಅಂತರ ಕಣ್ಣಿಗೆ ರಾಚುವಂಥದ್ದು. ಯುಜಿಸಿ ವೇತನ ಶ್ರೇಣಿಯಲ್ಲಿ ನೇಮಕಗೊಂಡ ಕಾಲೇಜು ಗ್ರಂಥಪಾಲಕರ ಆರಂಭಿಕ ಮೂಲವೇತನ 57,700 ರೂಪಾಯಿ. ಕೇಂದ್ರೀಯ ವಿದ್ಯಾಲಯದ ಗ್ರಂಥಪಾಲಕರದು 44,900. ಖಾಸಗಿ ಪದವಿ ಕಾಲೇಜುಗಳಲ್ಲಿ ಅದೇ ಎಂ.ಲಿಬ್. ಪದವಿ ಹಿಡಿದು ಬಂದವರಿಗೆ ಕೊಡುವುದು ಇದರ ಒಂದು ಚೂರು, ಅದೂ ಹಲವೆಡೆ ಗುತ್ತಿಗೆಯ ಮೇಲೆ. ನ್ಯಾಕ್ ತಂಡ ಬರುವ ವರ್ಷ ಗ್ರಂಥಾಲಯಕ್ಕೆ ಕಳೆ ಬರುತ್ತದೆ, ಹಗಲು ರಾತ್ರಿ ಬಾರ್‌ಕೋಡ್ ಅಂಟಿಸುವ ಕೆಲಸ ನಡೆಯುತ್ತದೆ. ತಂಡ ಹೋದ ಮೇಲೆ ಅದೇ ಗ್ರಂಥಪಾಲಕರನ್ನು ಪ್ರವೇಶ ಪ್ರಕ್ರಿಯೆಗೋ ಪರೀಕ್ಷಾ ವಿಭಾಗಕ್ಕೋ ಹಚ್ಚುತ್ತಾರೆ. ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳಲ್ಲಂತೂ ಗ್ರಂಥಪಾಲಕರೆಂಬ ವೃಂದವೇ ಇಲ್ಲ. ಪುಸ್ತಕದ ಕಪಾಟಿನ ಕೀಲಿಕೈ ಯಾರಾದರೊಬ್ಬ ಶಿಕ್ಷಕರ ಹೆಚ್ಚುವರಿ ಹೊಣೆ. ಕಮಲಾಪುರದಂಥ ಹೊಸ ತಾಲ್ಲೂಕಿನ ಪ್ರತಿ ಪ್ರೌಢಶಾಲೆಗೆ ಬೇಡ, ಒಂದು ಹೋಬಳಿಗೆ ಒಬ್ಬ ಶಾಲಾ ಗ್ರಂಥಪಾಲಕರನ್ನು ಕೊಟ್ಟರೂ ಈ ಭಾಗದಲ್ಲಿ ಪದವಿ ಪಡೆದು ಕಾದು ಕುಳಿತವರ ಸಾಲು ಕರಗುತ್ತದೆ.

ಇಲ್ಲಿ 371 (ಜೆ) ವಿಧಿಯ ಮಾತು ಬರಲೇಬೇಕು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದು 2013ರಲ್ಲಿ ಜಾರಿಯಾದ ಈ ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಶೇ 80ರಷ್ಟು, ‘ಡಿ’ ಗುಂಪಿನ ಶೇ 85ರಷ್ಟು ಹುದ್ದೆಗಳು ಸ್ಥಳೀಯರಿಗೆ ಮೀಸಲು, ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಗ್ರಂಥಪಾಲಕ, ಸಹಾಯಕ ಗ್ರಂಥಪಾಲಕ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗ ಅರ್ಜಿ ಕರೆದಾಗ ಉಳಿಕೆ ಮೂಲ ವೃಂದ, ಹೈದರಾಬಾದ್ ಕರ್ನಾಟಕ ವೃಂದ ಎಂದು ಎರಡು ಪಟ್ಟಿ ಕಾಣುವುದು ಇದರಿಂದಲೇ. ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳದೆ ಕೊನೆಯ ವಾರ ಓಡಾಡುವವರನ್ನು ಪ್ರತಿ ನೇಮಕಾತಿಯಲ್ಲೂ ಕಾಣುತ್ತೇವೆ, ಪದವಿ ಮುಗಿಯುತ್ತಲೇ ಅದನ್ನು ಮಾಡಿಸಿಡಬೇಕು. ಆದರೆ ಮೀಸಲಾತಿ ಎಷ್ಟೇ ದೊಡ್ಡದಿದ್ದರೂ ಅಧಿಸೂಚನೆ ಹೊರಟ ಹುದ್ದೆಗಳಲ್ಲಿ ಮಾತ್ರ ಅದು ಪಾಲು ಕೊಡಬಲ್ಲದು. ಗ್ರಂಥಾಲಯ ಹುದ್ದೆಗಳ ಅಧಿಸೂಚನೆ ಬರುವುದು ಬಹಳ ಅಪರೂಪಕ್ಕೆ, ಬಂದಾಗಲೂ ಬೆರಳೆಣಿಕೆಯಷ್ಟು. ನಿವೃತ್ತರ ಜಾಗ ಖಾಲಿ ಉಳಿಯುತ್ತದೆ, ಹೊರಗುತ್ತಿಗೆಯಲ್ಲಿ ದಿನ ದೂಡುತ್ತಾರೆ, ನಡುವೆ ಅಭ್ಯರ್ಥಿಗಳ ವಯೋಮಿತಿ ಮೀರುತ್ತದೆ. ಶೇ 80ರ ಹಕ್ಕನ್ನು ಹೋರಾಡಿ ಪಡೆದ ನಾಡು ಖಾಲಿ ಹುದ್ದೆ ತುಂಬಿಸುವ ಹಕ್ಕನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿದೆ.

ಹುದ್ದೆಯ ಸುದ್ದಿ ಜನರಿಗೆ ತಲುಪುವುದೂ ಸಲೀಸಲ್ಲ. ಲೋಕಸೇವಾ ಆಯೋಗ ಒಂದು ಕಡೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇನ್ನೊಂದು ಕಡೆ, ವಿಶ್ವವಿದ್ಯಾಲಯಗಳ ಕುಲಸಚಿವರ ಪ್ರಕಟಣೆ ಮತ್ತೊಂದು ಕಡೆ, ಕೇಂದ್ರೀಯ ವಿದ್ಯಾಲಯ, ನವೋದಯಗಳದ್ದು ದೆಹಲಿಯಿಂದ. ಪಂಚಾಯಿತಿ ಮೇಲ್ವಿಚಾರಕರ ಹುದ್ದೆಗೆ ಅರ್ಜಿ ಕರೆಯುವುದು ಜಿಲ್ಲಾ ಪಂಚಾಯಿತಿ. ಅದೇ ಪಂಚಾಯಿತಿ ವ್ಯಾಪ್ತಿಯ ನಿವಾಸಿಯಾಗಿರಬೇಕು, ಪಿಯುಸಿ, ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್, ಕಂಪ್ಯೂಟರ್ ತರಬೇತಿ ಇರಬೇಕೆಂಬುದು ಈಚಿನ ಅಧಿಸೂಚನೆಗಳ ಸಾಮಾನ್ಯ ಷರತ್ತು. ಷರತ್ತು ನ್ಯಾಯವಾದದ್ದೇ, ಆದರೆ ಎಷ್ಟೋ ಸಲ ಹುದ್ದೆ ಖಾಲಿಯಾದ ಹಳ್ಳಿಯಲ್ಲಿ ಆ ಸರ್ಟಿಫಿಕೇಟ್ ಯಾರ ಬಳಿಯೂ ಇರುವುದಿಲ್ಲ. ಸರ್ಟಿಫಿಕೇಟ್ ಇದ್ದವರು ಪಕ್ಕದ ಪಂಚಾಯಿತಿಯವರಾಗಿರುತ್ತಾರೆ. ಅಧಿಸೂಚನೆ ನೋಡಿದ ಮೇಲೆ ಕೋರ್ಸ್ ಸೇರಿದರೆ ಕಾಲ ಮಿಂಚಿರುತ್ತದೆ. ಮುಂದಿನ ಐದು ವರ್ಷಗಳಲ್ಲಿ ಯಾವ ಯಾವ ಪಂಚಾಯಿತಿಯ ಮೇಲ್ವಿಚಾರಕರು ನಿವೃತ್ತಿಯ ವಯಸ್ಸು ಮುಟ್ಟುತ್ತಾರೆಂಬುದು ಜಿಲ್ಲಾ ಪಂಚಾಯಿತಿಗೆ ಇಂದೇ ತಿಳಿದಿರುವ ಸಂಗತಿ. ಆ ಪಟ್ಟಿಯನ್ನು ಮೊದಲೇ ಪ್ರಕಟಿಸಿ, ಎಲ್ಲ ಅರಿವು ಕೇಂದ್ರಗಳ ಗೋಡೆಗೆ ಹಚ್ಚಿದರೆ ಖರ್ಚು ಒಂದು ಹಾಳೆಯದು. ಊರಿನ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ಎರಡು ವರ್ಷ ಮುಂಚೆಯೇ ಅದಕ್ಕೆ ಅಣಿಯಾಗಬಹುದು.

ತರಬೇತಿಗೆ ಬಾಗಿಲುಗಳೇನೂ ಕಡಿಮೆಯಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲಿ ಬಿ.ಲಿಬ್., ಎಂ.ಲಿಬ್. ಕೊಡುತ್ತದೆ, ಅದರ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಸರ್ಟಿಫಿಕೇಟ್‌ನಿಂದ ಸ್ನಾತಕೋತ್ತರ ಪದವಿಯವರೆಗೆ ಮೆಟ್ಟಿಲುಗಳಿವೆ. ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಪಾಲಕರಿಗೆ ಯುಜಿಸಿಯ ಪುನಶ್ಚೇತನ ಕೋರ್ಸ್‌ಗಳಿವೆ, ಬಡ್ತಿಗೆ ಅವು ಕಡ್ಡಾಯವಾದ್ದರಿಂದ ಜನ ಹೋಗುತ್ತಾರೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ತನ್ನ ‘ಸೋಲ್’ ತಂತ್ರಾಂಶದ ತರಬೇತಿ ನಡೆಸುತ್ತದೆ. ಪಂಚಾಯಿತಿ ಮೇಲ್ವಿಚಾರಕರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ತರಬೇತಿ ಕೊಡುತ್ತದೆ, ಶಿಕ್ಷಣ ಫೌಂಡೇಷನ್ನಿನ ‘ಗ್ರಾಮ ಡಿಜಿ ವಿಕಸನ’ದಂಥ ಯೋಜನೆಗಳಲ್ಲಿ ಡಿಜಿಟಲ್ ಕೌಶಲ ಕಲಿಸಿದ್ದಾರೆ. ಆದರೆ ಇವುಗಳ ನಡುವೆ ಕೊಂಡಿಯಿಲ್ಲ. ಕಮಲಾಪುರ ತಾಲ್ಲೂಕಿನ ಮೇಲ್ವಿಚಾರಕಿ ಮೂರು ದಿನದ ತರಬೇತಿಗೆ ಹೋಗಿ ಪ್ರಮಾಣಪತ್ರ ತಂದರೆ ಅದನ್ನು ಪೆಟ್ಟಿಗೆಯಲ್ಲಿಡುವುದಷ್ಟೇ. ಅದರಿಂದ ಸಂಬಳ ಏರುವುದಿಲ್ಲ, ಪದವಿಯೊಂದರ ಕ್ರೆಡಿಟ್‌ಗೂ ಜಮೆಯಾಗುವುದಿಲ್ಲ, ಮುಂದಿನ ನೇಮಕಾತಿಯಲ್ಲಿ ಒಂದು ಅಂಕವಾಗಿಯೂ ಎಣಿಕೆಗೆ ಬರುವುದಿಲ್ಲ.

ತರಬೇತಿಯ ಒಳಗೆ ಏನಿರಬೇಕೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕನ್ನಡ ಗ್ರಂಥಾಲಯಗಳ ನಿಜವಾದ ತೊಡಕು ಅಲ್ಲಿದೆ. ಒಂದು ಕಾಲೇಜಿನ ಗ್ರಂಥಾಲಯ ‘ಕೋಹ’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಿದೆ ಎನ್ನಿ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ವರ್ಗಾಂಕ. ಅಲ್ಲಿಯವರೆಗೆ ಸರಾಗ. ಮುಂದೆ ಕರ್ತೃವಿನ ಹೆಸರು ನಮೂದಿಸಬೇಕು. ಕುವೆಂಪು ಎಂದು ಬರೆಯಬೇಕೋ, ಪುಟ್ಟಪ್ಪ, ಕೆ.ವಿ. ಎಂದೋ? ಒಂದು ಪ್ರತಿಗೆ ಹಾಗೆ, ಇನ್ನೊಂದಕ್ಕೆ ಹೀಗೆ ಹಾಕಿದರೆ ಓದುಗ ಹುಡುಕಿದಾಗ ಅರ್ಧ ಪುಸ್ತಕಗಳು ಕಾಣುವುದೇ ಇಲ್ಲ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ‘ಶರಣ’ ಎಂಬುದನ್ನು ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆದಿರುತ್ತಾರೆ, ವಚನ ಸಾಹಿತ್ಯದ ವಿದ್ಯಾರ್ಥಿ ಬಂದು ಹುಡುಕಿದರೆ ಕಪಾಟಿನಲ್ಲಿರುವ ಪುಸ್ತಕವೂ ಪರದೆಯ ಮೇಲೆ ‘ಇಲ್ಲ’ ಎನ್ನುತ್ತದೆ. ಇನ್ನು ಕೆಲವೆಡೆ ಹಳೆಯ ಪಟ್ಟಿಯನ್ನು ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ತುಂಬಿಟ್ಟಿದ್ದಾರೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸದೆ ಹೊಸ ತಂತ್ರಾಂಶಕ್ಕೆ ಸುರಿದರೆ ಪರದೆಯ ತುಂಬ ಗೋಜಲು ಚಿಹ್ನೆಗಳು. ಯುನಿಕೋಡ್‌ನಲ್ಲಿ ಕನ್ನಡ ಟೈಪಿಂಗ್, ಹಳೆಯ ದತ್ತಾಂಶದ ಪರಿವರ್ತನೆ, ಕನ್ನಡ ಲೇಖಕರ ಹೆಸರುಗಳ ಏಕರೂಪ ಪಟ್ಟಿ, ಈ ಮೂರನ್ನು ಕಲಿಸುವ ಎರಡು ವಾರದ ಒಂದು ಕೋರ್ಸ್ ಗುಲಬರ್ಗಾ ವಿಶ್ವವಿದ್ಯಾಲಯದ ವಿಭಾಗದಿಂದ ವರ್ಷಕ್ಕೆರಡು ಸಲ ನಡೆದರೆ ಇಡೀ ಕಲ್ಯಾಣ ಕರ್ನಾಟಕದ ಕಾಲೇಜುಗಳಿಗೆ ಅನುಕೂಲ. ಕಲಿತವರಿಗೆ ಕೆಲಸವೂ ಸಿಗುತ್ತದೆ, ಏಕೆಂದರೆ ಪಟ್ಟಿ ಕಂಪ್ಯೂಟರೀಕರಿಸುವ ಗುತ್ತಿಗೆ ಕೆಲಸವನ್ನು ಈಗ ದೂರದೂರಿನ ಏಜೆನ್ಸಿಗಳು, ಕನ್ನಡ ಬಾರದವರ ಕೈಯಲ್ಲೂ ಮಾಡಿಸುತ್ತಿವೆ.

ಭಾಷೆಯ ಅಡ್ಡಿ ಪರೀಕ್ಷೆಯಲ್ಲೂ ಇದೆ. ಕಾಲೇಜು ಗ್ರಂಥಪಾಲಕರ ಹುದ್ದೆಗೆ ಅರ್ಹತೆ ಕೊಡುವ ಯುಜಿಸಿ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿ ಬಂದ ಹಳ್ಳಿಯ ವಿದ್ಯಾರ್ಥಿಗೆ ವಿಷಯ ಗೊತ್ತಿದ್ದೂ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯುತ್ತದೆ. ಧಾರವಾಡದ ಕೆ.ಎಸ್. ದೇಶಪಾಂಡೆ ಅವರಂಥ ಹಿರಿಯರು ಗ್ರಂಥಾಲಯ ವಿಜ್ಞಾನವನ್ನು ಕನ್ನಡದಲ್ಲಿ ಬರೆದು ದಾರಿ ತೋರಿದ್ದರು. ಆ ದಾರಿಯಲ್ಲಿ ಮುಂದೆ ಹೋದವರು ಕಡಿಮೆ. ಮಾಹಿತಿ ಮರುಗಳಿಕೆ, ಮೆಟಾಡೇಟಾ, ಡಿಜಿಟಲ್ ಸಂರಕ್ಷಣೆಯ ಮೇಲೆ ಕನ್ನಡದಲ್ಲಿ ಒಳ್ಳೆಯ ಪಠ್ಯ ಬರೆಸುವುದು ಕನ್ನಡ ಪುಸ್ತಕ ಪ್ರಾಧಿಕಾರವೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಕೈಗೆತ್ತಿಕೊಳ್ಳಬಹುದಾದ ಕೆಲಸ.

ಕಲಬುರಗಿಗೇ ವಿಶಿಷ್ಟವಾದ ಇನ್ನೊಂದು ಅವಕಾಶವನ್ನು ಯಾರೂ ಹೆಚ್ಚು ಗಮನಿಸಿಲ್ಲ. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಊರಿದು. ಖಾಜಾ ಬಂದೇನವಾಜ್ ದರ್ಗಾದ ಗ್ರಂಥಾಲಯದಲ್ಲಿ ಅರಬ್ಬಿ, ಫಾರಸಿ, ಉರ್ದು ಗ್ರಂಥಗಳ ಹಳೆಯ ಸಂಗ್ರಹವಿದೆ. ಸುತ್ತಲಿನ ಮಠಗಳಲ್ಲಿ ತಾಳೆಗರಿ, ಕಾಗದದ ಹಸ್ತಪ್ರತಿಗಳಿವೆ. ಕನ್ನಡ, ಉರ್ದು ಎರಡೂ ಬಲ್ಲವರು ಈ ಊರಿನ ಓಣಿ ಓಣಿಯಲ್ಲಿದ್ದಾರೆ. ಹಸ್ತಪ್ರತಿ ಸಂರಕ್ಷಣೆ, ಸೂಚೀಕರಣ, ಡಿಜಿಟಲೀಕರಣದ ಡಿಪ್ಲೊಮಾ ಇಲ್ಲಿ ಶುರುವಾದರೆ ಕಲಿಯಲು ಬೆಂಗಳೂರಿನವರೂ ಬಂದಾರು.

ಕೊನೆಗೆ ಬಡ್ತಿಯ ಪ್ರಶ್ನೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 2010ರಲ್ಲಿ ಗ್ರಂಥಾಲಯದ ಸಹಾಯಕ ಸಿಬ್ಬಂದಿಗಾಗಿಯೇ ಒಂದು ಪ್ರಮಾಣೀಕರಣ ವ್ಯವಸ್ಥೆ ಆರಂಭಿಸಿತು. ಎಂ.ಲಿಬ್. ಇಲ್ಲದವರೂ ಪುಸ್ತಕ ವಿತರಣೆ, ಸೂಚೀಕರಣ, ಮಕ್ಕಳ ಸೇವೆ, ತಂತ್ರಜ್ಞಾನ ಮುಂತಾದವುಗಳಲ್ಲಿ ತಮ್ಮ ಕೌಶಲವನ್ನು ಸಾಬೀತುಪಡಿಸಿ ಮಾನ್ಯತೆ ಪಡೆಯಲು ಅದು ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಇದನ್ನು ಇನ್ನೂ ಸುಲಭವಾಗಿ ಮಾಡಬಹುದು, ಏಕೆಂದರೆ ಗ್ರಾಮೀಣ ಮೇಲ್ವಿಚಾರಕರೆಲ್ಲ ಒಂದೇ ಇಲಾಖೆಯ ಅಡಿಯಲ್ಲಿದ್ದಾರೆ. ಐದು ವರ್ಷ ಸೇವೆ ಮಾಡಿದವರಿಗೆ ಮುಕ್ತ ವಿಶ್ವವಿದ್ಯಾಲಯದ ಬಿ.ಲಿಬ್. ಶುಲ್ಕವನ್ನು ಇಲಾಖೆ ಭರಿಸಲಿ. ಅದಕ್ಕೆ ಬೇಕಾದ ಸಾಮಾನ್ಯ ಪದವಿ ಇಲ್ಲದವರಿಗೆ ಮೊದಲು ಪದವಿಯ ದಾರಿ ತೋರಲಿ. ಬಿ.ಲಿಬ್. ಮುಗಿಸಿದವರಿಗೆ ತಾಲ್ಲೂಕು ಮಟ್ಟದಲ್ಲಿ ಒಂದು ಸಂಯೋಜಕ ಹುದ್ದೆ ಸೃಷ್ಟಿಸಿ, ಕಮಲಾಪುರದ ಎಲ್ಲ ಅರಿವು ಕೇಂದ್ರಗಳ ಪುಸ್ತಕ ಆಯ್ಕೆ, ಪುಸ್ತಕ ಅದಲುಬದಲು, ಹೊಸಬರ ತರಬೇತಿಯ ಹೊಣೆ ಅವರಿಗೆ ವಹಿಸಲಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಹಾಯಕ ಗ್ರಂಥಪಾಲಕ ಹುದ್ದೆಗಳಲ್ಲಿ ಒಂದು ಪಾಲನ್ನು ಈ ಸೇವಾನಿರತರಿಗೆ ಮೀಸಲಿಡಲು ನೇಮಕಾತಿ ನಿಯಮಗಳ ತಿದ್ದುಪಡಿ ಸಾಕು, ಹೊಸ ಕಾಯ್ದೆ ಬೇಕಿಲ್ಲ. ಎರಡು ಇಲಾಖೆಗಳ ನಡುವಿನ ಗಡಿಯೇ ಇದಕ್ಕೆ ದೊಡ್ಡ ಅಡ್ಡಿ. ಗ್ರಾಮ ಪಂಚಾಯಿತಿಯೊಂದು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿದರೆ ಅಲ್ಲಿನ ಗ್ರಂಥಾಲಯ ಯಾವ ಇಲಾಖೆಗೆ ಸೇರಬೇಕು, ಮೇಲ್ವಿಚಾರಕರ ಗತಿಯೇನು ಎಂಬುದಕ್ಕೂ ಮೊದಲೇ ಸ್ಪಷ್ಟ ನಿಯಮವಿರಬೇಕು. ಊರು ಬೆಳೆದ ಖುಷಿಯಲ್ಲಿ ಒಬ್ಬರ ಕೆಲಸ ಕಾಗದದ ಮೇಲೆ ತೂಗಾಡಬಾರದು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ 1965ರ ಕಾಯ್ದೆಯಲ್ಲೇ ಇದೆ. ಮನೆ ತೆರಿಗೆಯ ರಸೀದಿ ತೆಗೆದು ನೋಡಿದರೆ ಗ್ರಂಥಾಲಯ ಕರದ ಸಾಲು ಕಾಣುತ್ತದೆ. ಜನ ಅದನ್ನು ಕಟ್ಟಿದ್ದಾರೆ. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಕರವನ್ನು ಬಾಕಿ ಉಳಿಸಿಕೊಂಡ ಸುದ್ದಿ ಹಲವು ಸಲ ಬಂದಿತ್ತು. ವಸೂಲಾದ ಕರ ಎಷ್ಟು, ಗ್ರಂಥಾಲಯಕ್ಕೆ ಸಂದದ್ದೆಷ್ಟು, ಅದರಲ್ಲಿ ಸಿಬ್ಬಂದಿಯ ಸಂಬಳ ಮತ್ತು ತರಬೇತಿಗೆ ಹೋದದ್ದೆಷ್ಟು ಎಂಬ ಲೆಕ್ಕವನ್ನು ಕಲಬುರಗಿ ಮಹಾನಗರ ಪಾಲಿಕೆಯೂ ಜಿಲ್ಲೆಯ ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ ಅದೇ ಗ್ರಂಥಾಲಯದ ಫಲಕದಲ್ಲಿ ಹಾಕಬೇಕು. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಲು ಯಾರ ಅನುಮತಿಯೂ ಬೇಕಿಲ್ಲ.